ದನಗಳಿಗೆ ದೋಣಿ ಹತ್ತಿಸುವ ನಮ್ಮ ಮಾವಯ್ಯ

ನಿಮ್ಮ ಮನೆಯಲ್ಲಿ ಮದುವೆಯೋ ನಾಮಕರಣವೋ ಇದ್ದು, ಅದು ಸುಸೂತ್ರವಾಗಿ ಮುಗಿಯಬೇಕೆಂಬ ಆಸೆ ನಿಮಗಿದ್ದರೆ ದಯವಿಟ್ಟು ನಮ್ಮ ಮಾವಯ್ಯನವರನ್ನು ಕರೆಯಬೇಡಿ. ಕರೆದರೆ ಬಂದೇ ಬರುತ್ತಾರೆ. ಬಂದವರು ವರನ ಮುಖ ನೋಡುವುದಿಲ್ಲ, ವಧುವಿನ ಸೀರೆ ನೋಡುವುದಿಲ್ಲ, ಅಡುಗೆಯವರ ಕಡೆಯಿಂದ ಬರುವ ಪರಿಮಳಕ್ಕೂ ಮೂಗು ಅರಳಿಸುವುದಿಲ್ಲ. ನೇರ ಸಭಾಭವನದ ಮ್ಯಾನೇಜರನ್ನು ಹುಡುಕಿಕೊಂಡು ಹೋಗಿ, ಬೆಂಕಿ ಬಿದ್ದರೆ ಇಷ್ಟು ಜನ ಯಾವ ಬಾಗಿಲಿನಿಂದ ಹೊರಗೆ ಹೋಗಬೇಕು ಎಂದು ವಿಚಾರಿಸುತ್ತಾರೆ. ಮಂಗಳಕಾರ್ಯಕ್ಕೆ ಬಂದು ಕೇಳುವ ಮಾತೇ ಇದು!

ಕೋಟದ ಒಂದು ಸಭಾಭವನದಲ್ಲಿ ನಮ್ಮತ್ತೆಯ ತಂಗಿಯ ಮಗಳ ಮದುವೆ. ವೇದಿಕೆಯ ಮೇಲೆ ಧಾರೆ ನಡೆಯುತ್ತಿದೆ, ವಾದ್ಯದವರು ಗಟ್ಟಿಮೇಳ ಊದುತ್ತಿದ್ದಾರೆ. ನಮ್ಮ ಮಾವಯ್ಯ ಹಿಂದಿನ ಬಾಗಿಲಿಗೆ ಅಡ್ಡವಾಗಿ ಪೇರಿಸಿಟ್ಟಿದ್ದ ಪ್ಲಾಸ್ಟಿಕ್ ಕುರ್ಚಿಗಳನ್ನು ಒಂದೊಂದಾಗಿ ಎತ್ತಿ ಹೊರಗೆ ಸಾಗಿಸುತ್ತಿದ್ದಾರೆ. ಹೊಸ ಪಂಚೆ, ಹೆಗಲಿಗೆ ಜರಿ ಶಾಲು, ಮೈಯೆಲ್ಲ ಬೆವರು. ಗಂಡಿನ ಕಡೆಯ ಯಾರೋ ಒಬ್ಬರು ಇವರನ್ನು ಭವನದ ಕೆಲಸದವರೆಂದು ತಿಳಿದು, ಕೈ ತೊಳೆಯುವಲ್ಲಿ ನೀರು ಬರುತ್ತಿಲ್ಲ, ಸ್ವಲ್ಪ ನೋಡಿ ಎಂದರಂತೆ. ಬೇರೆಯವರಾಗಿದ್ದರೆ ಜಗಳವೇ ಆಗಿಬಿಡುತ್ತಿತ್ತು. ಮಾವಯ್ಯ ಖುಷಿಯಿಂದ ಹೋಗಿ ಟ್ಯಾಂಕಿನ ಮುಚ್ಚಳ ತೆಗೆದು ನೋಡಿ, ಬೆಂಕಿ ಆರಿಸಲಿಕ್ಕೂ ನೀರಿಲ್ಲ ಎಂದು ಎರಡನೇ ದೂರು ತಂದರು! ಊಟಕ್ಕೆ ಬಾಗಿಲಿಗೆ ಹತ್ತಿರದ ಎಲೆಯೇ ಬೇಕು. ಆ ಎಲೆ ಸಿಗದಿದ್ದರೆ ಮುಂದಿನ ಪಂಕ್ತಿಗೆ ಕಾಯುತ್ತಾರೆ, ಹೋಳಿಗೆ ಖಾಲಿಯಾದರೂ ಸರಿಯೇ. ಈಗ ಆ ಭವನದವರು ನಮ್ಮ ಕಡೆಯ ಮದುವೆ ಎಂದರೆ ಹಿಂದಿನ ದಿನವೇ ಕುರ್ಚಿ ತೆಗೆಸಿಡುತ್ತಾರೆ.

ಇಂಥ ಮನೆಗೆ ನಾನು ಸೊಸೆಯಾಗಿ ಬಂದದ್ದು ಹೇಗೆ ಎಂದು ಕೇಳುತ್ತೀರಾ? ನಾನು ಶಂಕರನಾರಾಯಣದ ಕಡೆಯವಳು. ನಮಗೆ ಹೊಳೆಯೆಂದರೆ ಬೇಸಿಗೆಯಲ್ಲಿ ಕಾಲು ಇಳಿಬಿಟ್ಟು ಕೂರುವ ಜಾಗ. ಗಂಡನ ಮನೆ ಇರುವುದು ಕುಂದಾಪುರದ ಹತ್ತಿರ, ಹೊಳೆ ಕಡಲು ಸೇರುವುದಕ್ಕೆ ಸ್ವಲ್ಪ ಮೊದಲು ಅದರ ನಡುವೆ ಎದ್ದಿರುವ ಒಂದು ನೆಲದ ತುಂಡಿನಲ್ಲಿ. ಇದಕ್ಕೆ ಕುದ್ರು ಎನ್ನುತ್ತಾರೆ. ಸುತ್ತ ನೀರು, ನಡುವೆ ತೆಂಗು, ಗದ್ದೆ, ಒಂದಿಷ್ಟು ಮನೆ. ದಾಟಲು ದೋಣಿಯೇ ಗತಿ. ಸೇತುವೆ ಪ್ರತಿ ಚುನಾವಣೆಗೂ ಬರುತ್ತದೆ, ಮತ ಎಣಿಕೆ ಮುಗಿದ ಮೇಲೆ ಹೋಗುತ್ತದೆ.

ಮದುವೆಯಾಗಿ ದಿಬ್ಬಣ ಹೊಳೆಯಲ್ಲಿ ದೋಣಿ ಹತ್ತುವ ಕಡವಿಗೆ ಬಂತು. ಸುಡುಬಿಸಿಲು. ಆಕಾಶದಲ್ಲಿ ಹತ್ತಿಯಷ್ಟೂ ಮೋಡವಿಲ್ಲ, ಹೊಳೆಯಲ್ಲಿ ಸೊಂಟದಷ್ಟೂ ನೀರಿಲ್ಲ. ಅಲ್ಲಿ ಮಾವಯ್ಯ ಕಿತ್ತಳೆ ಬಣ್ಣದ ಲೈಫ್ ಜಾಕೆಟ್‌ಗಳ ರಾಶಿ ಹಾಕಿಕೊಂಡು ನಿಂತಿದ್ದರು! ಉಪ್ಪುಂದದಲ್ಲಿ ಮೀನಿನ ವ್ಯಾಪಾರ ಮಾಡುವ ಗೆಳೆಯರೊಬ್ಬರ ಬೋಟಿನಿಂದ ಎರವಲು ತಂದದ್ದು. ಬಂಗುಡೆಯ ವಾಸನೆ ಬಡಿಯುತ್ತಿತ್ತು. ಕಾಂಜೀವರಂ ಸೀರೆಯ ಮೇಲೆ, ಕೊರಳಿನ ಹೂಮಾಲೆಯ ಮೇಲೆ ನನಗೊಂದು ಬಿಗಿದರು. ನನ್ನ ಗಂಡನಿಗೊಂದು, ಪುರೋಹಿತರಿಗೊಂದು, ಫೋಟೋಗ್ರಾಫರನಿಗೊಂದು. ನನ್ನ ಅಮ್ಮ ಬಿಕ್ಕಿ ಬಿಕ್ಕಿ ಅಳುತ್ತಿದ್ದಳು. ಮಗಳನ್ನು ಒಪ್ಪಿಸಿಕೊಡುವ ಸಂಕಟ ಎಂದು ಎಲ್ಲರೂ ಸಮಾಧಾನ ಮಾಡಿದರು. ಅವಳು ಅಳುತ್ತಿದ್ದದ್ದು ಸೀರೆಗಾಗಿ! ನಮ್ಮ ಮದುವೆಯ ಆಲ್ಬಂ ನೋಡಿದವರು, ನೀವು ಮದುವೆಯಾದದ್ದೋ ಅಥವಾ ನಿಮ್ಮನ್ನು ಕಡಲಿನಿಂದ ಎತ್ತಿ ತಂದದ್ದೋ ಎಂದು ಕೇಳುತ್ತಾರೆ.

ಆ ದೋಣಿಯಲ್ಲಿ ಜಾಕೆಟ್ ಹಾಕದವರು ಒಬ್ಬರೇ ಒಬ್ಬರು, ದೋಣಿ ನಡೆಸುವ ಶೀನಣ್ಣ. ಅವರು ತಮ್ಮ ಪಾಲಿನದನ್ನು ಮಡಚಿ, ಹಲಗೆಯ ಮೇಲಿಟ್ಟು ಅದರ ಮೇಲೆ ಕೂತಿದ್ದರು. ಮಾವಯ್ಯ ಕಣ್ಣು ಬಿಟ್ಟದ್ದಕ್ಕೆ ಸಿಕ್ಕ ಉತ್ತರ ನನಗೆ ಈಗಲೂ ನೆನಪಿದೆ.

"ಕೂಕಂಬುಕೆ ಮೆತ್ತಗೆ ಇತ್ತ್ ಅಣ್ಣಯ್ಯ. ನಾ ಹುಟ್ಟದ್ದೇ ದೋಣಿಯಗೆ, ಹೊಳಿ ನನ್ನ ಎಂತ ಮಾಡತ್ತ್?"

ದಿಬ್ಬಣವೆಲ್ಲ ನಕ್ಕಿತು. ಮಾವಯ್ಯ ಮಾತ್ರ ಆಚೆ ದಡ ಸಿಗುವ ತನಕ ಶೀನಣ್ಣನ ಮೇಲಿಂದ ಕಣ್ಣು ತೆಗೆಯಲಿಲ್ಲ. ಇಬ್ಬರೂ ಒಟ್ಟಿಗೆ ಬೆಳೆದವರು, ದಿನಕ್ಕೊಮ್ಮೆ ಜಗಳವಾಡಿ ಒಟ್ಟಿಗೆ ಕೂತು ಎಲೆಯಡಿಕೆಯ ಕವಳ ಹಾಕದಿದ್ದರೆ ಇಬ್ಬರಿಗೂ ಊಟ ಸೇರುತ್ತಿರಲಿಲ್ಲ ಎನ್ನುವುದು ನನಗೆ ಆಮೇಲೆ ಗೊತ್ತಾಯಿತು.

ಮನೆಯೊಳಗೆ ಕಾಲಿಟ್ಟರೆ ಅದು ಇನ್ನೊಂದು ಲೋಕ. ನೆಲದ ಮೇಲೆ ಇರಬೇಕಾದದ್ದು ಯಾವುದೂ ನೆಲದ ಮೇಲಿಲ್ಲ. ಅಕ್ಕಿ ಅಟ್ಟದ ಮೇಲೆ, ಹಾಸಿಗೆ ಅಟ್ಟದ ಮೇಲೆ, ಬಟ್ಟೆಬರೆ ಮೀನಿನವರ ಮುಚ್ಚಳದ ಡ್ರಮ್ಮಿನಲ್ಲಿ. ಗ್ಯಾಸ್ ಸಿಲಿಂಡರನ್ನು ಕಳ್ಳನನ್ನು ಕಟ್ಟಿಹಾಕಿದ ಹಾಗೆ ಕಂಬಕ್ಕೆ ಬಿಗಿದಿದ್ದಾರೆ, ನೆರೆ ಬಂದರೆ ತೇಲಿ ಹೋಗಬಾರದಲ್ಲ! ಟಿವಿಯನ್ನು ಛಾವಣಿಯ ಪಕ್ಕಾಸಿಗೆ ತಾಗುವಷ್ಟು ಎತ್ತರದಲ್ಲಿ ಕೂರಿಸಿದ್ದಾರೆ. ನಮ್ಮ ಮನೆಯಲ್ಲಿ ಧಾರಾವಾಹಿ ನೋಡುವುದೆಂದರೆ ನಕ್ಷತ್ರ ನೋಡಿದಂತೆ. ನಮ್ಮತ್ತೆಗೆ ಕುತ್ತಿಗೆ ನೋವು ಬಂದು ಡಾಕ್ಟರ ಹತ್ತಿರ ಹೋದಾಗ ಅವರು ದಿಂಬು ಬದಲಾಯಿಸಲು ಹೇಳಿದರು. ಗಂಡನನ್ನು ಬದಲಾಯಿಸಬೇಕಿತ್ತು ಎಂದು ಅತ್ತೆ ದಾರಿಯುದ್ದಕ್ಕೂ ಗೊಣಗಿದರು.

ಮೊಬೈಲಿನಲ್ಲಿ ಹವಾಮಾನದ ಎಚ್ಚರಿಕೆ ಬರತೊಡಗಿದ ಮೇಲಂತೂ ಕೇಳುವುದೇ ಬೇಡ. ಅಡುಗೆಮನೆಯೂ ಮಾವಯ್ಯನ ಕೈಗೆ ಹೋಯಿತು. ಯೆಲ್ಲೋ ಅಲರ್ಟ್ ಇದ್ದರೆ ಗಂಜಿ, ಉಪ್ಪಿನಕಾಯಿ. ಆರೆಂಜ್ ಅಲರ್ಟ್ ಇದ್ದರೆ ಬೇಗ ಒಲೆ ಆರಿಸಿ ಪಾತ್ರೆ ತೊಳೆದು ಮೇಲಿಡಬೇಕು. ರೆಡ್ ಅಲರ್ಟ್ ಬಂತೆಂದರೆ ಒಲೆಯೇ ಇಲ್ಲ, ಅವಲಕ್ಕಿ ಬೆಲ್ಲ! ಮಳೆಗಾಲದಲ್ಲಿ ನಮ್ಮ ಮನೆಗೆ ಬರುವ ನೆಂಟರು ಮೊದಲು ಫೋನು ಮಾಡಿ, ಇವತ್ತು ಯಾವ ಬಣ್ಣ ಎಂದು ಕೇಳಿಕೊಂಡೇ ಬರುತ್ತಿದ್ದರು.

ಇಷ್ಟೆಲ್ಲ ಹೆದರುವ ಮನುಷ್ಯನಿಗೆ ಹಿಂದೆ ಏನೋ ಆಗಿರಲೇಬೇಕು ಎಂದು ನಾನು ಲೆಕ್ಕ ಹಾಕಿದ್ದೆ. ಚಿಕ್ಕಂದಿನಲ್ಲಿ ದೋಣಿ ಮಗುಚಿರಬಹುದು, ಕಣ್ಣೆದುರೇ ಯಾರಾದರೂ ಮುಳುಗಿರಬಹುದು. ಒಂದು ಸಂಜೆ ಅತ್ತೆಯ ಹತ್ತಿರ ಮೆಲ್ಲಗೆ ಕೇಳಿಯೇಬಿಟ್ಟೆ. ಅವರು ಹೂ ಕಟ್ಟುತ್ತಿದ್ದ ಕೈ ನಿಲ್ಲಿಸಲಿಲ್ಲ.

"ಎಂತದೂ ಆಯ್ಲಿಲ್ಲ ಹೆಣೆ. ಹುಟ್ಟದ್ದೇ ಹಾಂಗೆ. ಮದಿ ಆದ ಮರ್ದಿನ ನನ್ ಹತ್ರ ಮೊದ್ಲ್ ಕೇಂಡದ್ದ್ ಎಂತ ಗೊತ್ತಿತ್ತಾ? ನಿಂಗೆ ಈಜುಕೆ ಬತ್ತಾ ಅಂದೇಳಿ."

ಆಯಿತಲ್ಲ! ಹಿಂದೆ ಯಾವ ಕಥೆಯೂ ಇಲ್ಲ. ಕೆಲವರು ಹುಟ್ಟುತ್ತಲೇ ಹಾಡುಗಾರರಾಗಿರುತ್ತಾರೆ, ಇವರು ಹುಟ್ಟುತ್ತಲೇ ಹೆದರುಪುಕ್ಕಲರು. ವ್ಯತ್ಯಾಸ ಏನೆಂದರೆ, ಬೇರೆ ಹೆದರುಪುಕ್ಕಲರು ತಮ್ಮ ಬಗ್ಗೆ ಹೆದರುತ್ತಾರೆ. ಮಾವಯ್ಯ ಊರಿನ ಬಗ್ಗೆ ಹೆದರುತ್ತಿದ್ದರು.

ಊರು ಹೆದರಬೇಕಾದ್ದೂ ಇತ್ತು, ಸುಳ್ಳು ಹೇಳಬಾರದು. ಘಟ್ಟದಲ್ಲಿ ಮಳೆ ಹಿಡಿದು ಕಡಲು ಉಬ್ಬಿದ ದಿನ ಹೊಳೆಯ ನೀರಿಗೆ ಹೋಗಲು ಜಾಗವಿಲ್ಲ, ಕುದ್ರುವಿನ ಮೇಲೆಯೇ ಹತ್ತುತ್ತದೆ. ಮೊದಲೆಲ್ಲ ಅಂಗಳಕ್ಕೆ ಬಂದು ಇಳಿದುಹೋಗುತ್ತಿದ್ದ ನೆರೆ ಈಚೆಗೆ ಒಳಕೋಣೆಗೇ ಬರತೊಡಗಿತ್ತು. ನಾನು ಮದುವೆಯಾಗಿ ಬಂದ ಮೇಲೆ ಒಂದು ಸಲ ಅಗ್ನಿಶಾಮಕದವರು ರಬ್ಬರ್ ದೋಣಿ ತಂದು, ಹತ್ತಿ ಹತ್ತಿ ಎಂದು ಗಂಟಲು ಹರಿದುಕೊಂಡರು. ಒಬ್ಬರೂ ಹತ್ತಲಿಲ್ಲ. ಎಲ್ಲರೂ ತಂತಮ್ಮ ದನದ ಹಟ್ಟಿಯಲ್ಲಿ ಮೊಣಕಾಲು ನೀರಿನಲ್ಲಿ ದನದ ಹಗ್ಗ ಹಿಡಿದು ನಿಂತಿದ್ದರು. ನಮ್ಮಲ್ಲಿ ದನಕರುಗಳಿಗೆ ಗಂಟಿ ಎನ್ನುತ್ತಾರೆ. ಗಂಟಿಗೆ ಹುಲ್ಲು ಹಾಕದೆ ಮನೆಯವರು ಗಂಜಿ ಉಣ್ಣುವ ಕ್ರಮವಿಲ್ಲ. ಹಾಗಿರುವಾಗ ಗಂಟಿಯನ್ನು ನೀರಿನಲ್ಲಿ ಬಿಟ್ಟು ತಾವು ದೋಣಿ ಹತ್ತುವುದುಂಟೇ? ರಬ್ಬರ್ ದೋಣಿ ಬಂದ ಹಾಗೇ ಖಾಲಿ ಹೋಯಿತು. ಅವತ್ತು ದೇವರು ದೊಡ್ಡವನು, ನೀರು ಸಂಜೆಗೆ ಇಳಿಯಿತು.

ಮುಂದಿನ ಬೇಸಿಗೆಯಲ್ಲಿ ಪಂಚಾಯಿತಿಯಲ್ಲಿ ವಿಪತ್ತು ನಿರ್ವಹಣೆಯ ತರಬೇತಿ ಇಟ್ಟರು. ಹೊರಗಿನಿಂದ ಬಂದ ಒಬ್ಬ ಅಧಿಕಾರಿ ಪರದೆಯ ಮೇಲೆ ಚಿತ್ರ ತೋರಿಸಿ ಚೆನ್ನಾಗಿಯೇ ಮಾತಾಡಿದರು. ಟಾರ್ಚು ಇಟ್ಟುಕೊಳ್ಳಿ, ಔಷಧಿ ಇಟ್ಟುಕೊಳ್ಳಿ, ಹೇಳಿದ ಕೂಡಲೇ ಮನೆ ಬಿಡಿ. ಪ್ರಶ್ನೆ ಇದೆಯೇ ಎಂದಾಗ ಎದ್ದು ನಿಂತವರು ನಮ್ಮ ಮಾವಯ್ಯ ಒಬ್ಬರೇ. ಉಳಿದವರ ಗಮನ ಆಗಲೇ ತಿಂಡಿಗೆ ತರಿಸಿಟ್ಟ ಗೋಳಿಬಜೆಯ ಕಡೆಗೆ ತಿರುಗಿತ್ತು.

"ಗಂಟಿ ಬಿಟ್ಟ್ ನಮ್ ಜನ ಬತ್ರಿಲ್ಲ ಸಾರ್. ಅದ್ಕ್ ಎಂತ ಮಾಡುದ್?"

ಹಗ್ಗ ಬಿಚ್ಚಿಬಿಡಿ, ಅವು ಈಜುತ್ತವೆ ಎಂದರು ಅಧಿಕಾರಿ. ಪಾಪ, ಅವರದೇನೂ ತಪ್ಪಿಲ್ಲ, ಪುಸ್ತಕದಲ್ಲಿ ಹಾಗೇ ಇರಬೇಕು. ಮಾವಯ್ಯ ತಲೆಯಾಡಿಸಿ ಕೂತರು. ಗೋಳಿಬಜೆ ಮುಟ್ಟಲಿಲ್ಲ. ಮನೆಗೆ ಬಂದವರೇ, ಜನ ಹತ್ತಬೇಕಾದರೆ ಮೊದಲು ಗಂಟಿ ಹತ್ತಬೇಕು ಎಂದು ಘೋಷಿಸಿದರು. ಅತ್ತೆ ನನ್ನ ಮುಖ ನೋಡಿದರು, ನಾನು ಅತ್ತೆಯ ಮುಖ ನೋಡಿದೆ.

ಹೀಗೆ ನಮ್ಮ ಕಡವಿನಲ್ಲಿ ದನಗಳ ಶಾಲೆ ಶುರುವಾಯಿತು. ಬೈಕು ದಾಟಿಸಲೆಂದು ಎರಡು ದೋಣಿ ಜೋಡಿಸಿ ಮೇಲೆ ಹಲಗೆ ಬಡಿದದ್ದು ಶೀನಣ್ಣನ ಹತ್ತಿರ ಒಂದಿತ್ತು. ಅದೇ ತರಗತಿ. ಹಲಗೆಯ ಸಂದಿನಲ್ಲಿ ನೀರು ಕಂಡರೆ ಗಂಟಿ ಬೆದರುತ್ತದೆ ಎಂದು ಅದರ ಮೇಲೆ ದಪ್ಪಗೆ ಬೈಹುಲ್ಲು ಹಾಸಿದರು. ಅಂಚಿಗೆ ಗೋಣಿ ಕಟ್ಟಿದರು. ಭಾನುವಾರ ಬೆಳಿಗ್ಗೆ ಪಾಠ, ಹತ್ತಿದ ಗಂಟಿಗೆ ಹಿಂಡಿ ಮತ್ತು ಬೆಲ್ಲದ ಬಹುಮಾನ. ಮೊದಲ ವಿದ್ಯಾರ್ಥಿನಿ ನಮ್ಮನೆಯ ಗೌರಿ. ಅದು ಮುಂಗಾಲು ಎರಡನ್ನೂ ಹಲಗೆಯ ಮೇಲಿಟ್ಟು, ಹೊಳೆಯನ್ನು ಒಮ್ಮೆ ನೋಡಿ, ಸಗಣಿ ಹಾಕಿ, ಹಿಂದಿನಿಂದ ತಳ್ಳುತ್ತಿದ್ದ ಮಾವಯ್ಯನನ್ನು ಒಂದೇ ಒದೆಗೆ ನೀರಿಗೆ ಕೆಡವಿತು. ನಾವೆಲ್ಲ ಹೋ ಎಂದು ಓಡಿದೆವು. ಮಾವಯ್ಯ ಕಿತ್ತಳೆ ಜಾಕೆಟಿನಲ್ಲಿ ಮುಖ ಮೇಲೆ ಮಾಡಿ ತೇಲುತ್ತ, ಕಂಡಿರಾ, ಜಾಕೆಟ್ ಹೇಗೆ ಕೆಲಸ ಮಾಡುತ್ತದೆ ಎಂದು ಅಲ್ಲಿಂದಲೇ ಪಾಠ ಮುಂದುವರಿಸಿದರು!

ಬೇಸಿಗೆ ಕಳೆಯುವಷ್ಟರಲ್ಲಿ ಗೌರಿ ತಾನಾಗಿ ಹತ್ತತೊಡಗಿತು. ಅದು ಹತ್ತಿದ್ದು ಕಂಡು ಪಕ್ಕದ ಮನೆಯದು, ಅದರ ಹಿಂದೆ ಇನ್ನೊಂದು. ನಕ್ಕವರೇ ಒಬ್ಬೊಬ್ಬರಾಗಿ ತಮ್ಮ ಗಂಟಿ ಹೊಡೆದುಕೊಂಡು ಬಂದರು, ಬೆಲ್ಲ ಪುಕ್ಕಟೆ ಅಲ್ಲವೇ! ಕಡೆಗೆ ಎಂಥ ಫಜೀತಿಯಾಯಿತೆಂದರೆ, ಯಾವ ದೋಣಿ ಕಡವಿಗೆ ಬಂದರೂ ಊರ ಗಂಟಿಗಳೆಲ್ಲ ಬಾಲ ಎತ್ತಿ ಓಡಿಬರುತ್ತಿದ್ದವು. ಮತ ಕೇಳಲು ಬಂದ ಒಬ್ಬ ಅಭ್ಯರ್ಥಿ ದೋಣಿಯಿಂದ ಇಳಿಯುವ ಮೊದಲೇ ಎರಡು ಎಮ್ಮೆ ಹತ್ತಿ ನಿಂತಿದ್ದವು. ಅವರು ಅಲ್ಲಿಂದಲೇ ಸೇತುವೆಯ ಭರವಸೆ ಕೊಟ್ಟು ವಾಪಸಾದರು.

ಆ ಶಾಲೆಗೆ ಸೇರದ ಗಂಟಿ ಊರಲ್ಲಿ ಒಂದೇ. ಶೀನಣ್ಣನ ಕೆಂಪಿ. ತನ್ನ ದೋಣಿ, ತನ್ನ ದನ, ಅದಕ್ಕೆ ಯಾರ ಪಾಠವೂ ಬೇಡ, ತಾನು ಕರೆದರೆ ಅದು ನೀರಿಗೂ ಬರುತ್ತದೆ ಬೆಂಕಿಗೂ ಬರುತ್ತದೆ ಎನ್ನುವುದು ಶೀನಣ್ಣನ ವಾದ. ದೋಣಿಯವನು ಜಾಕೆಟ್ ಹಾಕಿದರೆ, ದೋಣಿಯವನ ದನ ದೋಣಿ ಹತ್ತಲು ಕಲಿತರೆ, ಹತ್ತುವ ಜನಕ್ಕೆ ಧೈರ್ಯ ಎಲ್ಲಿಂದ ಬರಬೇಕು ಎಂದು ನಮ್ಮನ್ನೇ ಕೇಳುತ್ತಿದ್ದರು. ಕಡವಿನಲ್ಲಿ ಹುಟ್ಟಿ ಬೆಳೆದವರ ಜಂಬ ಅದು. ಮಾವಯ್ಯ ಪ್ರತಿ ಭಾನುವಾರವೂ ಪಾಠ ಮುಗಿಸಿ ಶೀನಣ್ಣನ ಅಂಗಳಕ್ಕೆ ಹೋಗಿ ಕೇಳುತ್ತಿದ್ದರು. ಶೀನಣ್ಣ ಪ್ರತಿ ಭಾನುವಾರವೂ ಒಂದು ಹೊಸ ಕುಶಾಲು ಮಾಡಿ ಕಳಿಸುತ್ತಿದ್ದರು. ಕೆಂಪಿಗೆ ಇವತ್ತು ಶಾಲೆಗೆ ರಜೆ, ಕೆಂಪಿಗೆ ಯೂನಿಫಾರ್ಮ್ ಒಗೆಯಲು ಹಾಕಿದೆ, ಹೀಗೆ. ಶೀನಣ್ಣನ ಹೆಂಡತಿ ಗುಲಾಬಕ್ಕ ಇಬ್ಬರಿಗೂ ಕವಳದ ತಟ್ಟೆ ತಂದಿಟ್ಟು ಇಬ್ಬರಿಗೂ ಬೈಯುತ್ತಿದ್ದರು. ಮಾವಯ್ಯ ನಗುತ್ತಲೇ ಮನೆಗೆ ಬರುತ್ತಿದ್ದರು. ಇಡೀ ಊರಿನಲ್ಲಿ ಅವರನ್ನು ನಗಿಸುತ್ತಿದ್ದ ಮನುಷ್ಯ ಒಬ್ಬನೇ.

ಆ ವರ್ಷ ಆಷಾಢದಲ್ಲಿ ನೆರೆ ಬಂತು. ಹಿಂದಿನ ದಿನದಿಂದ ಮಳೆ ಕಡಿದಿರಲಿಲ್ಲ, ಶಾಲೆಗಳಿಗೆ ರಜೆ ಸಾರಿದ್ದರು, ಶಾಲೆಯಲ್ಲಿ ಟೀಚರಾದ ನನಗೂ ಮನೆಯಲ್ಲೇ ಠಿಕಾಣಿ. ಬೆಳಿಗ್ಗೆ ಹೊಳೆ ಕೆಂಪಗೆ ತಿರುಗಿತು. ಮಾವಯ್ಯ ಕಡವಿನಿಂದ ಓಡಿಬಂದು ಗೌರಿಯ ಹಗ್ಗ ಬಿಚ್ಚಿದರು. ಅಷ್ಟೇ, ಬೇರೆ ಯಾರಿಗೂ ಏನೂ ಹೇಳಬೇಕಾಗಲಿಲ್ಲ. ಗೌರಿ ಹೊರಟದ್ದು ಕಂಡು ಉಳಿದ ಹಟ್ಟಿಗಳೂ ಖಾಲಿಯಾದವು. ಆ ಜಡಿಮಳೆಯಲ್ಲಿ ಗಂಟಿಗಳು ಸಾಲಾಗಿ ಬಂದು ಜೋಡಿ ದೋಣಿ ಹತ್ತಿ, ಬೆಲ್ಲಕ್ಕೆ ಬಾಯಿ ಚಾಚಿ ನಿಂತವು. ಗಂಟಿ ಹೋದ ಮೇಲೆ ಜನಕ್ಕೇನು ಕೆಲಸ ಅಲ್ಲಿ? ಅಗ್ನಿಶಾಮಕದವರು ಬರುವಷ್ಟರಲ್ಲಿ ಮುದುಕರು, ಮಕ್ಕಳು, ಎಲ್ಲ ಕಡವಿನಲ್ಲಿ ತಯಾರು. ಶೀನಣ್ಣ ಬೆಳಗಿನಿಂದ ದೋಣಿ ನೂಕುವ ಜಲ್ಲೆ ಕೆಳಗಿಟ್ಟಿರಲಿಲ್ಲ. ಗಂಟಿಗಳನ್ನೆಲ್ಲ ಕಂತು ಕಂತಾಗಿ ದಾಟಿಸಿದ್ದು ಅವರೇ. ಮಧ್ಯಾಹ್ನದ ಹೊತ್ತಿಗೆ ಊರಿಗೆ ಊರೇ ಕುದ್ರು ಬಿಟ್ಟು ಈಚೆ ದಡದಲ್ಲಿತ್ತು. ರಬ್ಬರ್ ದೋಣಿಯ ಹುಡುಗನೊಬ್ಬ, ಇಂಥದ್ದನ್ನು ಎಲ್ಲೂ ಕಂಡಿಲ್ಲ ಎಂದು ಮಾವಯ್ಯನ ಕೈ ಹಿಡಿದು ಕುಲುಕಿದ. ಮಾವಯ್ಯ ಅವನ ಕಡೆ ನೋಡಲಿಲ್ಲ. ಅವರು ಗಂಟಿಗಳನ್ನು ನೋಡುತ್ತಿದ್ದರು. ಕೆಂಪಿ ಇರಲಿಲ್ಲ.

ಊರವರ ಗಂಟಿ ಮೊದಲು, ತನ್ನದು ಕಡೆಗೆ ಎಂದು ಶೀನಣ್ಣ ಬಿಟ್ಟುಬಂದಿದ್ದರು. ಅಷ್ಟರಲ್ಲಿ ಮೇಲಿನಿಂದ ತೇಲಿ ಬಂದ ಮರದ ದಿಮ್ಮಿ ಬಡಿದು ಜೋಡಿ ದೋಣಿಯ ಹಲಗೆ ಕಿತ್ತುಹೋಗಿತ್ತು. ಶೀನಣ್ಣ ಸಣ್ಣ ದೋಣಿ ಬಿಚ್ಚಿದರು. ಮಾವಯ್ಯ ನೀರಿಗಿಳಿದು ಆ ದೋಣಿಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಗಂಟಿ ಬಿಟ್ಟು ಯಾರೂ ಬರುವುದಿಲ್ಲ ಎಂದು ಅಧಿಕಾರಿಗೆ ಹೇಳಿದ್ದ ಅದೇ ಮನುಷ್ಯ, ಕೆಂಪಿ ಹೋದರೆ ಹೋಗಲಿ, ನೀನು ಹೋಗಬೇಡ ಎಂದು ಅಂಗಲಾಚಿದರು. ಗುಲಾಬಕ್ಕನೂ ಕೂಗಿದರು. ಶೀನಣ್ಣ ನಕ್ಕರು.

"ಊರ ಗಂಟಿ ಎಲ್ಲಾ ದಾಟ್ಸಿ ನನ್ ಕೆಂಪಿ ಒಂದ್ ಬಿಟ್ರೆ ನಾಳೆ ಮುಖ ಹ್ಯಾಂಗ್ ತೋರ್ಸುದ್ ಅಣ್ಣಯ್ಯ? ಈಗ ಬತ್ತೆ."

ಮಾವಯ್ಯ ತಮ್ಮ ಮೈಮೇಲಿದ್ದ ಜಾಕೆಟನ್ನೇ ಬಿಚ್ಚಿ ದೋಣಿಗೆ ಎಸೆದರು. ಶೀನಣ್ಣ ಅದನ್ನು ಅಡಿಗೆ ಹಾಕಿಕೊಂಡು ಕೂತು ಜಲ್ಲೆ ಹಾಕಿದರು.

ಆಚೆ ಕುದ್ರುವಿನ ದಡ ಸೇರಿದ್ದನ್ನು ನೋಡಿದೆವು. ಕೆಂಪಿಯನ್ನು ಮುದ್ದು ಮಾಡಿ ಹೇಗೋ ಹತ್ತಿಸಿಕೊಂಡದ್ದನ್ನೂ ನೋಡಿದೆವು. ಹೊಳೆಯ ನಡುವಿಗೆ ಬಂದಾಗ ಅದು ನೀರು ಕಂಡು ಬೆದರಿ ಎದ್ದು ನಿಂತಿತು. ದೋಣಿ ಮಗುಚಿತು. ಕೆಂಪಿ ಈಜಿಕೊಂಡು ಬಹಳ ಕೆಳಗೆ ಎಲ್ಲೋ ದಡ ಹತ್ತಿತು. ಜಾಕೆಟ್ ತೇಲುತ್ತ ಹೋಯಿತು. ಶೀನಣ್ಣ ಮಳೆ ಬಿಟ್ಟ ಮೇಲೆ, ಹೊಳೆ ಕಡಲು ಸೇರುವ ಅಳಿವೆಯ ಹತ್ತಿರ ಸಿಕ್ಕಿದರು.

ಇಲ್ಲಿಗೆ ನನ್ನ ತಮಾಷೆಯ ಸಾಮಾನು ಮುಗಿಯಿತು. ಆದರೆ ಮಾವಯ್ಯನ ಕಥೆ ಅರ್ಧಕ್ಕೆ ನಿಲ್ಲಿಸಲಾರೆ, ಕೇಳಿ.

ಪತ್ರಿಕೆಯವರು ಬಂದು ದನಗಳ ಫೋಟೋ ತೆಗೆದರು. ತಾಲೂಕಿನವರು ಸನ್ಮಾನಕ್ಕೆ ಕರೆದರು, ಮಾವಯ್ಯ ಹೋಗಲಿಲ್ಲ, ಶಾಲು ಮನೆಗೇ ಬಂತು, ಅದನ್ನವರು ಬಿಚ್ಚಿಯೂ ನೋಡಲಿಲ್ಲ. ಅಷ್ಟು ದೊಡ್ಡ ನೆರೆಯಲ್ಲಿ ಹೋದದ್ದು ಒಂದೇ ಜೀವ ಎಂದು ಬಂದವರೆಲ್ಲ ಹೇಳುತ್ತಿದ್ದರು. ಸಮಾಧಾನಕ್ಕೆ ನಾನೂ ಒಮ್ಮೆ ಹಾಗೇ ಹೇಳಿದೆ. ಅವರು ಕೈಯಲ್ಲಿದ್ದ ಮೊಬೈಲನ್ನು ಕೆಳಗಿಟ್ಟರು.

"ಒಂದೇ ಅಂದ್ರೆ ಎಂತ ಹೆಣೆ? ನಂಗಿದ್ದದ್ದೂ ಒಂದೇ ಅಲ್ದಾ? ಅವ ಕುಶಾಲ್ ಮಾಡ್ದ, ನಾನೂ ನೆಗಾಡ್ದೆ. ನೆಗಾಡ್ಬಾರ್ದಿತ್ತ್."

ಅಲ್ಲಿಂದಾಚೆ ಅವರು ಯಾರಿಗೂ ಯಾವ ಎಚ್ಚರಿಕೆಯನ್ನೂ ಹೇಳಲಿಲ್ಲ. ಮೊಬೈಲು ಕುಂಯ್‌ಗುಟ್ಟಿದರೆ ಬಣ್ಣ ಕೇಳುವವರಿಲ್ಲ. ಅತ್ತೆ ರೆಡ್ ಅಲರ್ಟಿನ ದಿನ ಬೇಕೆಂದೇ, ಗಂಟೆಗಟ್ಟಲೆ ಒಲೆ ಉರಿಯಬೇಕಾದ ಪತ್ರೊಡೆ ಮಾಡಲು ಕೂತರು, ಬೈಯಲಿ ಎಂದು. ಬೈಯಲಿಲ್ಲ, ಬಡಿಸಿದ್ದನ್ನು ತಿಂದು ಎದ್ದರು. ಅತ್ತೆ ಒಲೆಯ ಮುಂದೆ ಕೂತು ಅತ್ತರು. ಬ್ರಹ್ಮಾವರದ ಒಂದು ಮದುವೆಗೆ ಹೋದಾಗ ಮಾವಯ್ಯ ಸಭಾಭವನದ ನಟ್ಟನಡುವೆ ಕೂತರು. ಹಿಂದಿನ ಬಾಗಿಲಿಗೆ ಬೀಗ ಹಾಕಿತ್ತು. ಅವರು ತಿರುಗಿಯೂ ನೋಡಲಿಲ್ಲ. ನನ್ನ ಗಂಡ ಅಪ್ಪನನ್ನು ನೋಡಿ ನೋಡಿ ಹೆದರಿ, ತಾವೇ ಹೋಗಿ ಮ್ಯಾನೇಜರನ ಹತ್ತಿರ ಬೀಗ ತೆಗೆಸಿದರು. ಜೀವನದಲ್ಲಿ ಮೊದಲ ಬಾರಿಗೆ ಮಾವಯ್ಯ ಮದುವೆ ಮನೆಯಲ್ಲಿ ಎಲ್ಲರ ಹಾಗೆ ಕೂತಿದ್ದರು, ಮತ್ತು ನಮಗೆ ಅದನ್ನು ನೋಡಲಾಗಲಿಲ್ಲ.

ಮತ್ತೆ ಬೇಸಿಗೆ ಬಂತು. ಜೋಡಿ ದೋಣಿಯ ಹಲಗೆಯನ್ನು ಊರವರೇ ಸೇರಿ ರಿಪೇರಿ ಮಾಡಿಸಿದರು. ಬೇರೆ ಒಬ್ಬರು ಜಲ್ಲೆ ಹಿಡಿದರು. ಪಾಠ ಯಾವಾಗ ಎಂದು ಕೇಳುವ ಧೈರ್ಯ ಮಾತ್ರ ಯಾರಿಗೂ ಬರಲಿಲ್ಲ. ಗಂಟಿಗಳಿಗೆ ಆ ಸೂಕ್ಷ್ಮ ಎಲ್ಲಿಂದ ಬರಬೇಕು! ಅವು ಬೆಳಿಗ್ಗೆ ಬೆಳಿಗ್ಗೆ ಕಡವಿಗೆ ಬಂದು, ನಮ್ಮ ಮನೆಯ ಕಡೆ ಮುಖ ಮಾಡಿ ನಿಲ್ಲುತ್ತಿದ್ದವು. ಮಾವಯ್ಯ ಕಿಟಕಿ ಹಾಕಿಕೊಳ್ಳುತ್ತಿದ್ದರು. ಕೆಂಪಿಯನ್ನು ಗುಲಾಬಕ್ಕ ಮಾರಿರಲಿಲ್ಲ, ಆದರೆ ಅದು ಅವತ್ತಿನಿಂದ ಹೊಳೆಯ ಕಡೆ ಸುಳಿದಿರಲಿಲ್ಲ. ಅವರ ಅಂಗಳದ ದಾರಿಯನ್ನು ಮಾವಯ್ಯನೂ ಬಿಟ್ಟಿದ್ದರು. ಆ ದನವನ್ನು ನೋಡಲು ಅವರಿಂದ ಆಗುತ್ತಿರಲಿಲ್ಲ, ಗುಲಾಬಕ್ಕನ ಮುಖ ನೋಡಲು ಅದಕ್ಕಿಂತಲೂ ಆಗುತ್ತಿರಲಿಲ್ಲ. ಕಡಲಿನ ಕಡೆ ಮೋಡ ಕಟ್ಟತೊಡಗಿತು. ಈ ಸಲ ನೆರೆ ಬಂದರೆ ಊರು ಮತ್ತೆ ಹಟ್ಟಿಯಲ್ಲೇ ಹಗ್ಗ ಹಿಡಿದು ನಿಲ್ಲುವುದು ಖಂಡಿತವಾಗಿತ್ತು.

ಒಂದು ಬೆಳಿಗ್ಗೆ ನಾನು ಅಂಗಳ ಗುಡಿಸುತ್ತಿದ್ದೆ. ಗುಲಾಬಕ್ಕ ಬಂದರು. ಕೈಯ ಹಗ್ಗದ ತುದಿಯಲ್ಲಿ ಕೆಂಪಿ, ಬರುವುದಿಲ್ಲವೆಂದು ನಾಲ್ಕೂ ಕಾಲು ಊರಿ ಜಗ್ಗುತ್ತಿತ್ತು. ಅವರು ಎಳೆದೆಳೆದು ಬೆವತುಹೋಗಿದ್ದರು. ಜಗಲಿಯಲ್ಲಿ ಕೂತಿದ್ದ ಮಾವಯ್ಯ ಎದ್ದು ಒಳಗೆ ಹೋಗಲು ನೋಡಿದರು.

"ಅಣ್ಣಯ್ಯ, ಇದ್ಕೆ ದೋಣಿ ಹತ್ತುಕೆ ಕಲ್ಸಿ ಕೊಡಿ," ಎಂದರು ಗುಲಾಬಕ್ಕ. "ಮಳಿ ಹತ್ರ ಬಂತ್."

ಮಾವಯ್ಯ ಕಂಬ ಹಿಡಿದು ನಿಂತರು. ನಿನ್ನ ಗಂಡ ನನ್ನ ಮಾತು ಒಂದು ದಿನವೂ ಕೇಳಲಿಲ್ಲ ಗುಲಾಬಿ, ಇನ್ನು ನಾನು ಯಾರಿಗೆ ಹೇಳಲಿ ಎಂದರು. ಹೇಳುತ್ತ ಹೇಳುತ್ತ, ಅಷ್ಟು ಜನರ ನಡುವೆ ಶವ ಸುಡುವಾಗಲೂ ಅಳದಿದ್ದವರು ನಮ್ಮೆದುರು ಗೊಳೋ ಎಂದು ಅತ್ತರು.

ಗುಲಾಬಕ್ಕ ಹಗ್ಗ ಬಿಡಲಿಲ್ಲ. ಅವರ ಕಣ್ಣಲ್ಲೂ ನೀರು ಸುರಿಯುತ್ತಿತ್ತು.

"ಅವ್ರ್ ಕೇಂಡಿಲ್ಲ ಅಂದೇಳಿ ನೀವ್ ಹೇಳುದ್ ಬಿಡ್ಬೇಡಿ ಅಣ್ಣಯ್ಯ. ನಾ ಕೇಂತೆ."

ಮಾವಯ್ಯ ಪಂಚೆಯ ಅಂಚಿನಿಂದ ಮುಖ ಒರೆಸಿಕೊಂಡು ಅಂಗಳಕ್ಕಿಳಿದರು. ಕೆಂಪಿಯ ಹತ್ತಿರ ಹೋಗಿ, ಅದರ ಕುತ್ತಿಗೆಯ ಮೇಲೆ ಕೈಯಿಟ್ಟು ಸುಮಾರು ಹೊತ್ತು ನಿಂತರು. ಆಮೇಲೆ ನನ್ನ ಕಡೆ ತಿರುಗಿ ಬೆಲ್ಲ ತರಲು ಹೇಳಿದರು. ಕೆಂಪಿ ಅವತ್ತು ದೋಣಿ ಹತ್ತಲಿಲ್ಲ, ಕಡವಿನ ತನಕವೂ ಬರಲಿಲ್ಲ. ತೆಂಗಿನ ಸಾಲಿನ ಹತ್ತಿರ ನೀರಿನ ಸದ್ದು ಕೇಳಿದ್ದೇ ನಡುಗುತ್ತ ನಿಂತುಬಿಟ್ಟಿತು. ಮಾವಯ್ಯ ಅದನ್ನು ಎಳೆಯಲಿಲ್ಲ. ಅಲ್ಲೇ ಬೆಲ್ಲ ತಿನ್ನಿಸಿ, ಹಗ್ಗವನ್ನು ಗುಲಾಬಕ್ಕನ ಕೈಗೆ ಕೊಟ್ಟರು.

"ಇವತ್ತಿಗೆ ಇಷ್ಟ್ ಸಾಕ್ ಗುಲಾಬಿ. ಅದ್ಕೂ ಹೆದ್ರಿಕೆ ಇತ್ತಲ್ದಾ. ನಾಳೆಗ್ ಬಾ."